ಮುದ್ದೇಬಿಹಾಳದ ಕಂಪ್ಯೂಟರಿನಲ್ಲಿ ಹುಚ್ಚವ್ವನ ಹೆಸರು

ಬುಧವಾರ, ೪ ಏಪ್ರಿಲ್ ೨೦೦೭

ಸಿಂದಗಿ ಕಚೇರಿಯ ಹುಡುಗಿ ಮಾಡಿದ ತಂತ್ರಾಂಶ ನಿನ್ನೆ ಮುದ್ದೇಬಿಹಾಳದ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡಿದೆ. ಸುದ್ದಿ ತಂದವನು ನಮ್ಮ ಕುರಿ ಸಾಕಣೆದಾರರ ಸಂಘದ ಜೀಪು ಓಡಿಸುವ ದಸ್ತಗೀರಸಾಬ. ಅವಳನ್ನು ಕರೆದೊಯ್ದವನೂ ಅವನೇ, ಪಕ್ಕದಲ್ಲಿ ನಿಂತು ನೋಡಿದವನೂ ಅವನೇ.

"ಸಿದ್ದಣ್ಣಾ, ಗುಂಡಿ ಒತ್ತಿದ ಕೂಡ್ಲೇ ಕುರಿ ಚಿತ್ರ ಬಂತ್ ನೋಡು. ಆಮ್ಯಾಲ ಹೆಸರು, ಊರು, ಕಿವಿಗುರುತು, ಎಲ್ಲಾ. ನಿಂದು ಬೂದಿ ಬಣ್ಣದ ಡಬ್ಬಿ ಇದ್ದಂಗ ಐತಲ್ಲ, ಹಂಗಿಲ್ಲ ಅದು."

ಸಂಗತಿಗಳು ಹೀಗಿವೆ. ಸಂಘಕ್ಕೆ ನಾಲ್ಕು ಕಚೇರಿ. ನಾನಿರುವ ಇಂಡಿಯಲ್ಲಿ ಮತ್ತು ಸಿಂದಗಿಯಲ್ಲಿ ವಿಂಡೋಸ್ ಕಂಪ್ಯೂಟರು. ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗೆ ದಾನಿಗಳು ಕೊಟ್ಟ ಕಂಪ್ಯೂಟರು ಬಂದಿವೆ, ಅವುಗಳಲ್ಲಿ ಇರುವುದು ಲಿನಕ್ಸ್. ಯಾವ ಹಿಂಡಿಗೆ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ತೋರಿಸುವ ತಂತ್ರಾಂಶವನ್ನು ಆರು ವರ್ಷದ ಹಿಂದೆ ವಿಜುವಲ್ ಬೇಸಿಕ್‌ನಲ್ಲಿ ಬರೆದವನು ನಾನು. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅಲ್ಲಿಯೂ ವಿಂಡೋಸ್ ಹಾಕಿಸಿ ಎಂದು ಅಧ್ಯಕ್ಷರಾದ ರೇವಪ್ಪನವರಿಗೆ ಎರಡು ಸಲ ಬರೆದು ಕೊಟ್ಟಿದ್ದೆ. ಅವರು ಹಾಕಿಸಲಿಲ್ಲ. ಈ ಹುಡುಗಿ ಮೋರಟಗಿಯವಳು, ಬಿಜಾಪುರದಲ್ಲಿ ಕಲಿತವಳು, ಸಂಕ್ರಾಂತಿಯ ನಂತರ ಸಿಂದಗಿ ಕಚೇರಿಗೆ ತಾತ್ಕಾಲಿಕವಾಗಿ ಸೇರಿದವಳು.

ವಾಪಸು ಬರುವಾಗ ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳಂತೆ. ಇದನ್ನು ದಸ್ತಗೀರಸಾಬ ತಾನಾಗಿ ಹೇಳಲಿಲ್ಲ. ನಾನು ಕೇಳಿ ತಿಳಿದುಕೊಂಡೆ. ಆ ಸೀಟು ಆರು ವರ್ಷದಿಂದ ನನ್ನದು.

ಶನಿವಾರ, ೭ ಏಪ್ರಿಲ್

ಬಸವನ ಬಾಗೇವಾಡಿಯಲ್ಲಿ ಸಂಘದ ಸಭೆ ನಡೆಯಿತು. ಹುಡುಗಿ ತನ್ನದನ್ನು ತೋರಿಸಿದಳು.

ಅವಳು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. ಇಂಟರ್‌ನೆಟ್ ಅಂಗಡಿಯಲ್ಲಿ ಕಾಣುವ ಪುಟಗಳನ್ನು ಯಾವ ಭಾಷೆಯಲ್ಲಿ ಬರೆಯುತ್ತಾರೋ ಅದರಲ್ಲೇ ಇದನ್ನೂ ಬರೆದಿದ್ದಾಳೆ. ಪುಟ ತೋರಿಸುವ ಬ್ರೌಸರಿನ ಎಂಜಿನ್ನನ್ನೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದಾಳೆ. ಆದ್ದರಿಂದ ಇಂಟರ್‌ನೆಟ್ ಬೇಡ. ವಿಂಡೋಸ್‌ಗೆ ಒಂದು ಎಂಜಿನ್, ಲಿನಕ್ಸ್‌ಗೆ ಒಂದು ಎಂಜಿನ್; ಪುಟಗಳು ಮಾತ್ರ ಎರಡಕ್ಕೂ ಅವೇ. ಒಂದು ಸಲ ಬರೆದರೆ ನಾಲ್ಕೂ ಕಚೇರಿಯಲ್ಲಿ ಓಡುತ್ತದೆ.

"ಅಂದ್ರ ಇದು ತಂತ್ರಾಂಶ ಅಲ್ಲ, ಪುಟ" ಎಂದೆ.

"ಹೌದ್ರಿ ಅಣ್ಣಾರ, ಪುಟನ" ಎಂದು ನಕ್ಕಳು. ನಾನು ಹೇಳಿದ್ದು ಹೊಗಳಿಕೆಯಲ್ಲ ಎಂಬುದು ಅವಳಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ ನಕ್ಕಳು. ಎರಡನೆಯದಾದರೆ ಹೆಚ್ಚು ಕೆಟ್ಟದ್ದು.

ರೇವಪ್ಪನವರು ಕುರ್ಚಿ ಮುಂದೆ ಎಳೆದುಕೊಂಡು ತಾವೇ ಮೌಸ್ ಹಿಡಿದರು. ನನ್ನ ತಂತ್ರಾಂಶದ ಮೌಸನ್ನು ಅವರು ಇದುವರೆಗೂ ಮುಟ್ಟಿಲ್ಲ. ಹುಡುಗಿ ಕೈಯಿಂದ ಟೈಪು ಮಾಡಿ ತಂದಿದ್ದು ಹತ್ತೋ ಹನ್ನೆರಡೋ ಹೆಸರು. ಅಷ್ಟಕ್ಕೇ ಚಪ್ಪಾಳೆ. ನನ್ನ ಪಟ್ಟಿಯಲ್ಲಿ ನಾಲ್ಕು ತಾಲೂಕಿನ ಅಷ್ಟೂ ಹಿಂಡುಗಳಿವೆ. ಅದಕ್ಕೆ ಯಾರೂ ಕೈ ತಟ್ಟಿದ್ದು ನೆನಪಿಲ್ಲ.

ತೀರ್ಮಾನ: ಮುದ್ದೇಬಿಹಾಳದ ಲಸಿಕೆ ಶಿಬಿರ ೨೪ರಂದು. ಅದು ಹುಡುಗಿಯ ತಂತ್ರಾಂಶದ ಮೇಲೆ ನಡೆಯಬೇಕು. ಸರಿಯಾಗಿ ನಡೆದರೆ ನಾಲ್ಕೂ ಕಚೇರಿಗೆ ಅದೇ, ನನ್ನದು ಬಂದ್. ನನ್ನ ಪಟ್ಟಿಯನ್ನು ಅವಳಿಗೆ ಕೊಡಬೇಕು.

ಗುರುವಾರ, ೧೨ ಏಪ್ರಿಲ್

ಮೂರು ದಿನದಿಂದ ಅಂಥ ಪುಟವೊಂದನ್ನು ನಾನೇ ಬರೆಯಲು ನೋಡುತ್ತಿದ್ದೇನೆ. ನನಗಿಂತ ಹದಿನೈದು ವರ್ಷ ಚಿಕ್ಕವಳಿಗೆ ಬರುವುದು ನನಗೆ ಬಾರದೆ ಇರಲು ಕಾರಣವಿಲ್ಲ. ಗುಂಡಿ ನಡುವೆ ಬರಬೇಕು, ಎಡಕ್ಕೆ ಹೋಗಿ ಕೂಡುತ್ತದೆ. ಪಟ್ಟಿ ಕೆಳಗೆ ಬರಬೇಕು, ಗುಂಡಿಯ ಮೇಲೆಯೇ ಏರುತ್ತದೆ.

ಹೆಂಡತಿ ಗುರವ್ವ ಊಟಕ್ಕೆ ಕರೆಯಲು ಬಂದವಳು ಪರದೆ ನೋಡಿ, ಇದೇನು, ಕುರಿ ಬೇಲಿ ಹಾರಿದಂಗ ಎಲ್ಲಾ ಒಂದರ ಮ್ಯಾಲ ಒಂದು ಬಿದ್ದಾವಲ್ಲ ಎಂದಳು. ಆ ಹುಡುಗಿಯ ಹೆಸರೇನು ಎಂದೂ ಕೇಳಿದಳು. ನೆನಪಿಲ್ಲ ಎಂದೆ.

ಹೆಸರು ಸುಜಾತಾ. ದಾಖಲೆಗಾಗಿ ಬರೆದಿದ್ದೇನೆ.

ಸೋಮವಾರ, ೧೬ ಏಪ್ರಿಲ್

ಪಟ್ಟಿಯನ್ನು ಸಿ.ಡಿ.ಗೆ ಹಾಕಿ ದಸ್ತಗೀರಸಾಬನ ಕೈಯಲ್ಲಿ ಕೊಟ್ಟು ಕಳಿಸಿದೆ.

ಈ ಪಟ್ಟಿ ಹೇಗೆ ಆಯಿತೆಂಬುದನ್ನು ಯಾರೂ ಕೇಳಿಲ್ಲ, ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಕುರಿಯ ಕಿವಿಯನ್ನು ಒಂದೊಂದು ಮನೆತನದವರು ಒಂದೊಂದು ರೀತಿ ಕತ್ತರಿಸುತ್ತಾರೆ. ಬಲಗಿವಿ ತುದಿ ಸೀಳು, ಎಡಗಿವಿ ಅಂಚಿಗೆ ಕಚ್ಚು, ಹೀಗೆ. ಅದು ಬಾಯಲ್ಲಿ ಇರುವ ಗುರುತು. ಹೊರಗಿನವರಿಗೆ ಹೇಳುವುದಿಲ್ಲ; ಹೇಳಿದರೆ ನಾಳೆ ಯಾರಾದರೂ ಅದೇ ಗುರುತು ಹಾಕಿ ಕುರಿ ನನ್ನದು ಎಂದಾರು. ನನಗೆ ಹೇಳಿದ್ದು ನಾನು ಅವರ ಪೈಕಿ ಎಂದು. ಅದರಲ್ಲೂ ತಾಂಬಾದ ನನ್ನ ಸೋದರತ್ತೆ ಹುಚ್ಚವ್ವ ನನ್ನನ್ನು ಹಿಂಡಿನಿಂದ ಹಿಂಡಿಗೆ ಕರೆದುಕೊಂಡು ಹೋಗಿ, ಇವ ನಮ್ಮ ಅಣ್ಣನ ಮಗ, ಇವಗ ಹೇಳ್ರಿ ಎಂದು ಜಾಮೀನು ನಿಂತಳು. ಒಂದೇ ಊರಲ್ಲಿ ಮೂವರು ಮಾಳಿಂಗರಾಯರು ಇದ್ದಾರೆ, ಮೂವರ ಅಪ್ಪಂದಿರ ಹೆಸರೂ ಒಂದೇ. ಅವರನ್ನು ಬೇರೆ ಮಾಡಿ ತೋರಿಸುವುದು ಕಿವಿಗುರುತು ಮಾತ್ರ. ಎರಡು ಬೇಸಿಗೆ ತಿರುಗಿ ಟೈಪು ಮಾಡಿದ್ದು ಇದು.

ಈಗ ಒಂದು ಸಿ.ಡಿ.ಯಲ್ಲಿ ಹೋಯಿತು.

ಮಂಗಳವಾರ, ೧೭ ಏಪ್ರಿಲ್

ಸಿಂದಗಿಯಿಂದ ಫೋನ್ ಬಂತು. ನನ್ನ ಪಟ್ಟಿ ಅವಳ ಪುಟದಲ್ಲಿ ಕನ್ನಡವಾಗಿ ಕಾಣುತ್ತಿಲ್ಲವಂತೆ. ತಲೆಯ ಮೇಲೆ ಚುಕ್ಕಿ, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ, ಏನು ಮಾಡಲಿ ಅಣ್ಣಾರ ಎಂದು ಕೇಳಿದಳು.

ನಾನು ಹೇಳಿದೆ: ಪಟ್ಟಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು. ಪುಟದಲ್ಲಿ ಆ ಫಾಂಟಿನ ಹೆಸರು ಹಾಕು, ಸರಿಯಾಗುತ್ತದೆ.

ಹಾಕಿದಳು. ಸರಿಯಾಯಿತು. ಫೋನಿನಲ್ಲೇ ಎರಡು ಹೆಸರು ಓದಿ ತೋರಿಸಿ, ಭಾಳ ಉಪಕಾರ ಆತ್ರಿ ಎಂದಳು.

ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆ ಕಾಲದಲ್ಲಿ ಟೈಪು ಮಾಡಿದ್ದು ಯಂತ್ರದೊಳಗೆ ಇಂಗ್ಲಿಷ್ ಅಕ್ಷರವಾಗಿಯೇ ಉಳಿಯುತ್ತದೆ. ಫಾಂಟು ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಅವಳು ಕೈಯಿಂದ ಟೈಪು ಮಾಡಿದ ಹತ್ತು ಹೆಸರು ಯುನಿಕೋಡ್ ಎಂಬ ಹೊಸ ಪದ್ಧತಿಯವು, ಎಲ್ಲಿ ಹೋದರೂ ಕನ್ನಡವೇ. ನನ್ನವು ಹಾಗಲ್ಲ. ಸಿಂದಗಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇದೆ, ಆದ್ದರಿಂದ ಸರಿ ಕಂಡಿತು. ಮುದ್ದೇಬಿಹಾಳದ್ದರಲ್ಲಿ ಇಲ್ಲ.

ಅದನ್ನು ಅವಳು ಕೇಳಲಿಲ್ಲ.

ಶುಕ್ರವಾರ, ೨೦ ಏಪ್ರಿಲ್

ಬಸವ ಜಯಂತಿ, ರಜೆ. ತಾಂಬಾದಿಂದ ಬಂದವರು ಹೇಳಿದರು: ಹುಚ್ಚವ್ವತ್ತೆಯ ಹಿಂಡು ಈ ಸಲ ಮೇಯಲು ಹೊಳೆಸಾಲಿಗೆ ಹೋಗಿದೆ, ಮುದ್ದೇಬಿಹಾಳದ ಕಡೆ. ೨೪ರ ಶಿಬಿರಕ್ಕೆ ಬರುತ್ತಾಳೆ.

ಸಿಂದಗಿ ಕಚೇರಿಗೂ ರಜೆ. ಫೋನ್ ಮಾಡಿದರೂ ಎತ್ತುವವರಿಲ್ಲ. ಸುಜಾತಾಳ ಮನೆಯ ನಂಬರು ದಸ್ತಗೀರಸಾಬನ ಹತ್ತಿರ ಇದೆ. ಅದು ಅವನ ಹತ್ತಿರ ಯಾಕೆ ಇರಬೇಕು?

ಮಂಗಳವಾರ, ೨೪ ಏಪ್ರಿಲ್

ಮುದ್ದೇಬಿಹಾಳದ ಶಿಬಿರ ನಡೆಯಲಿಲ್ಲ. ನಾನೇ ನೋಡಿದ್ದು.

ಜೀಪಿನಲ್ಲಿ ನಾನು ಹಿಂದೆ ಕೂತಿದ್ದೆ. ರೇವಪ್ಪನವರು, ಪಶುವೈದ್ಯರು, ಕಚೇರಿಯ ನೌಕರರು ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತರು. ಹೊರಗೆ ಬಯಲಿನಲ್ಲಿ ಹಿಂಡುಗಳು ಬಂದು ಸೇರಿದ್ದವು. ಸುಜಾತಾ ಗುಂಡಿ ಒತ್ತಿದಳು. ಕುರಿಯ ಚಿತ್ರ ಬಂತು. 'ಹೆಸರು', 'ಊರು', 'ಕಿವಿಗುರುತು' ಎಂಬ ಅವಳ ಅಕ್ಷರಗಳು ಕನ್ನಡದಲ್ಲೇ ಬಂದವು. ಅವುಗಳ ಕೆಳಗೆ ನನ್ನ ಪಟ್ಟಿ, ಚುಕ್ಕಿ ಬಾಲದ ಇಂಗ್ಲಿಷ್ ಅಕ್ಷರ. ಉದ್ದಕ್ಕೂ ಅದೇ.

ಅವಳು ಮುಚ್ಚಿ ತೆರೆದಳು. ಮತ್ತೆ ಅದೇ. ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಅದನ್ನು ನಾನು ನೋಡಿದೆ, ಏಕೆಂದರೆ ನಾನು ಹಿಂದೆ ನಿಂತಿದ್ದೆ. ಒಂದು ವಾರದಿಂದ ಈ ಕ್ಷಣ ಹೀಗೆಯೇ ಇರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದಂತೆಯೇ ಇತ್ತು.

ಪಟ್ಟಿ ಇಲ್ಲದೆ ಲಸಿಕೆ ಹಾಕುವುದಿಲ್ಲ ಎಂದರು ವೈದ್ಯರು. ಹೋದ ವರ್ಷ ಪಟ್ಟಿ ನೋಡದೆ ಹಾಕಿ, ಒಂದು ಹಿಂಡಿಗೆ ಎರಡು ಸಲ ಆಗಿ, ಇನ್ನೊಂದಕ್ಕೆ ಇಲ್ಲದೆ ಹೋಗಿ ದೊಡ್ಡ ತಕರಾರು ಆಗಿತ್ತು. ಅವರದ್ದು ತಪ್ಪಲ್ಲ. ಅಚ್ಚು ಮಾಡಿಸಿ ತರೋಣವೆಂದರೆ ಪ್ರಿಂಟರು ಇರುವುದು ಇಂಡಿಯಲ್ಲಿ ಮಾತ್ರ, ಅಲ್ಲಿ ಸಂಜೆಯವರೆಗೆ ಕರೆಂಟಿಲ್ಲ.

ರೇವಪ್ಪನವರು ಯಾರ ತಪ್ಪು ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ನಂದ್ರಿ ಸಾಹೇಬರ" ಎಂದಳು ಸುಜಾತಾ. "ಪೂರಾ ಪಟ್ಟಿ ಹಾಕಿ ಈ ಕಂಪ್ಯೂಟರದಾಗ ಒಮ್ಮಿ ನೋಡಬೇಕಾಗಿತ್ತು. ನೋಡಲಿಲ್ಲ. ಸಿಂದಗ್ಯಾಗ ಬಂತಂದ್ರ ಇಲ್ಲೂ ಬರ್ತೈತಿ ಅನಕೊಂಡೆ."

ತಪ್ಪು ಒಪ್ಪಿಕೊಂಡದ್ದಕ್ಕೆ ರೇವಪ್ಪನವರು ಅವಳಿಗೆ ಮೊದಲು ಚಹಾ ಕೊಡಿಸಿದರು. ತಪ್ಪು ಮಾಡಿಯೂ ಅವಳೇ ಮುಂದೆ.

ಹುಚ್ಚವ್ವತ್ತೆ ಬೇವಿನ ಮರದ ಕೆಳಗೆ ಹಿಂಡು ಬಿಟ್ಟುಕೊಂಡು ಕೂತಿದ್ದಳು. ಒಳಗೆ ಬಂದಳು. ಕಚೇರಿಯ ನೌಕರ ಪರದೆ ನೋಡಿ, ನಿನ್ನ ಹೆಸರು ಇದರಾಗ ಇಲ್ಲವ್ವ ಎಂದ. ಅವಳು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಸಿದ್ದಾ, ನಮ್ಮ ಕಿವಿಗುರುತ ನಿನ್ನ ಕೈಯಾಗ ಕೊಟ್ಟಿದ್ನಲ್ಲೋ. ಎಲ್ಲಿ ಇಟ್ಟಿ ಅದನ್ನ?"

ಕಂಪ್ಯೂಟರದು ಸ್ವಲ್ಪ ತೊಂದರೆ ಆಗೇತಿ ಅತ್ತಿ ಎಂದೆ. ಆ ರಾತ್ರಿ ರೈತರೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಅವಳು ಮಾತು ಕೊಟ್ಟಿದ್ದಳು. ಹೊತ್ತು ಇಳಿಯುವ ಮೊದಲು ಎದ್ದು, ಲಸಿಕೆ ಇಲ್ಲದೆ, ಹಿಂಡು ಹೊಡೆದುಕೊಂಡು ಹೋದಳು.

ಬರುವಾಗ ದಸ್ತಗೀರಸಾಬ ಮುಂದಿನ ಸೀಟಿಗೆ ಕರೆದ. ಹುಡುಗಿ ಹಿಂದೆ ಕೂತಿದ್ದಳು. ಕೂತೆ. ಸೀಟಿನ ಸ್ಪ್ರಿಂಗು ಹೋಗಿದೆ. ಮೊದಲು ಗಮನಿಸಿರಲಿಲ್ಲ.

ಬುಧವಾರ, ೨೫ ಏಪ್ರಿಲ್

ಬರೆಯುವಂಥದ್ದೇನೂ ಇಲ್ಲ.

ಗುರುವಾರ, ೨೬ ಏಪ್ರಿಲ್

ಸದ್ಯಕ್ಕೆ ನನ್ನ ತಂತ್ರಾಂಶವೇ ಮುಂದುವರಿಯಲಿ ಎಂದು ರೇವಪ್ಪನವರು ತಿಳಿಸಿದ್ದಾರೆ. ಹುಡುಗಿಯನ್ನು ಮೇ ತಿಂಗಳ ನಂತರ ಇಟ್ಟುಕೊಳ್ಳುವುದು ಅನುಮಾನ ಎಂದೂ ಹೇಳಿದರು. ಹೌದ್ರಿ ಎಂದೆ.

ಅಂದರೆ ಮುದ್ದೇಬಿಹಾಳಕ್ಕೂ ಬಾಗೇವಾಡಿಗೂ ಮತ್ತೆ ಏನೂ ಇಲ್ಲ. ಆದರೆ ಗೆದ್ದದ್ದು ನಾನು, ಇದು ದಾಖಲಾಗಲಿ.

ಶನಿವಾರ, ೨೮ ಏಪ್ರಿಲ್

ಹುಚ್ಚವ್ವತ್ತೆಯ ಹಿಂಡಿನಲ್ಲಿ ಎರಡು ಮರಿ ಸತ್ತಿವೆ. ದಸ್ತಗೀರಸಾಬ ಮುದ್ದೇಬಿಹಾಳದಿಂದ ಬಂದು ಹೇಳಿದ. ಕರುಳುಬೇನೆ ಎಂದು ಅಲ್ಲಿಯವರ ಅಂದಾಜು. ೨೪ರಂದು ಹಾಕಬೇಕಾಗಿದ್ದ ಲಸಿಕೆ ಕರುಳುಬೇನೆಯದ್ದೇ. ಅವತ್ತು ಹಾಕಿದ್ದರೂ ಲಸಿಕೆ ಇಷ್ಟು ಬೇಗ ಕೆಲಸ ಮಾಡುತ್ತಿರಲಿಲ್ಲ. ಬಿಸಿಲಿನಿಂದಲೂ ಮರಿ ಸಾಯುತ್ತವೆ. ಎರಡೂ ನಿಜ.

ಈಗಿನ ಚಿಂತೆ ಉಳಿದ ಮರಿಗಳದ್ದು.

ನಾಳೆ ಭಾನುವಾರ. ಸಿಂದಗಿಗೆ ಹೋಗಿ ನನ್ನ ಸಿ.ಡಿ. ವಾಪಸು ತರಬೇಕು.

ಭಾನುವಾರ, ೨೯ ಏಪ್ರಿಲ್

ಸಿ.ಡಿ. ತರಲಿಲ್ಲ.

ರಜೆಯಿದ್ದರೂ ಕಚೇರಿಯ ಬಾಗಿಲು ತೆರೆದಿತ್ತು. ಸುಜಾತಾ ಒಬ್ಬಳೇ ಕೂತು ನನ್ನ ಪಟ್ಟಿಯನ್ನು ನೋಡಿ ನೋಡಿ ಯುನಿಕೋಡಿನಲ್ಲಿ ಮತ್ತೆ ಟೈಪು ಮಾಡುತ್ತಿದ್ದಳು, ಒಂದೊಂದೇ ಹೆಸರು. ಬಂದೆನೆಂದು ಎದ್ದು ನಿಂತಳು. ನೀರು ಕೊಟ್ಟಳು. ನಾನು ಅವಳು ಮಾಡಿದ್ದನ್ನು ಓದಿದೆ. ಮೋರಟಗಿಯ ಮೂವರು ಮಾಳಿಂಗರಾಯರಲ್ಲಿ ಇಬ್ಬರಿಗೆ ಒಂದೇ ಕಿವಿಗುರುತು ಹಾಕಿದ್ದಳು. ಸಾಲು ತಪ್ಪಿದ್ದು. ಅವಳ ಊರಿನವರೇ ಅವರು. ಆದರೆ ಕುರಿಯವರ ಮನೆಯವಳಲ್ಲ, ಗುರುತಿನ ಬೆಲೆ ಅವಳಿಗೆ ಹೇಗೆ ಗೊತ್ತಿರಬೇಕು?

ಹೀಗೆ ಟೈಪು ಮಾಡಿದರೆ ಇನ್ನೂ ಹತ್ತು ತಪ್ಪು ಆಗುತ್ತವೆ ಎಂದೆ. ನನ್ನ ಪಟ್ಟಿಯನ್ನು ಯಾರಾದರೂ ಕೆಡಿಸುವುದನ್ನು ನಾನು ನೋಡಲಾರೆ, ಅದಕ್ಕೆ ಕುರ್ಚಿ ಎಳೆದುಕೊಂಡೆ. ಬೇರೆ ಕಾರಣವಿಲ್ಲ. ಹಳೆಯ ಅಕ್ಷರದ ಒಂದೊಂದು ಚೂರಿಗೆ ಹೊಸದರಲ್ಲಿ ಯಾವುದು ಎಂದು ಒಂದು ಕೋಷ್ಟಕ ಬರೆದರೆ ಕಂಪ್ಯೂಟರೇ ಇಡೀ ಪಟ್ಟಿಯನ್ನು ಬದಲಿಸುತ್ತದೆ. ಹಳೆಯ ಚೂರುಗಳು ನನ್ನ ಬೆರಳಿಗೆ ಗೊತ್ತು. ಹೊಸದು ಅವಳಿಗೆ ಗೊತ್ತು. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು.

ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಇಬ್ಬರಿಗೂ ಆಯಿತು. ಆಗ ಕೇಳಿದಳು.

"ಅಣ್ಣಾರ, ಫೋನಿನ್ಯಾಗ ಫಾಂಟಿನ ಹೆಸರ ಹಾಕು ಅಂದಾಗ, ಮುದ್ದೇಬಿಹಾಳದಾಗ ಅದು ಇಲ್ಲಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಬಂದು ಹೋಯಿತು. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡೆ. ಎರಡಕ್ಕೂ ನನ್ನ ಹತ್ತಿರ ಉತ್ತರ ಇತ್ತು.

"ನನಗ ಕೆಲಸ ಹೋಗ್ತೈತಿ ಅಂತ ರಾತ್ರಿ ನಿದ್ದಿ ಬಂದಿಲ್ರಿ" ಎಂದಳು. ಕೈ ತೊಳೆದು ಬಂದು ಕೂತಳು. "ಹೂಂ, ಚಕಾರದ ಒತ್ತಿಗೆ ಯಾವ ಅಕ್ಷರ ಐತಿ, ಹೇಳ್ರಿ."

ಹೇಳಿದೆ.

ಸಂಜೆಯ ಬಸ್ಸಿಗೆ ಬಂದೆ. ಆ ಕೋಷ್ಟಕ ನೋಡಿ ಪಟ್ಟಿ ಬದಲಿಸುವ ಆಜ್ಞೆಗಳನ್ನು ಅವಳು ಐದೇ ಸಾಲಿನಲ್ಲಿ ಬರೆದುಬಿಟ್ಟಿದ್ದಾಳೆ. ನಾನಾಗಿದ್ದರೆ ಐವತ್ತು ಸಾಲು ಆಗುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಐದು ಸಾಲು ಕಣ್ಣಿಗೆ ಚುಚ್ಚಿದವು.

ಬುಧವಾರ, ೨ ಮೇ

ಪಟ್ಟಿ ಬದಲಾಗಿದೆ. ಕೆಲವು ಹೆಸರುಗಳಲ್ಲಿ ಒತ್ತುಗಳು ಹಿಂದೆ ಮುಂದೆ ಆಗಿ ಬಿದ್ದಿದ್ದವು. ಫೋನಿನಲ್ಲಿ ನಾನು ಓದುವುದು, ಅವಳು ತಿದ್ದುವುದು. ಕೊನೆಯವರೆಗೂ ಹಟ ಹಿಡಿದದ್ದು ಹುಚ್ಚವ್ವ ಎಂಬ ಹೆಸರು. ಅದರಲ್ಲಿ ಎರಡು ಒತ್ತು. ಇವತ್ತು ಅದೂ ಸರಿಯಾಯಿತು. ಇಷ್ಟಾದರೂ ದಸ್ತಗೀರಸಾಬ ಎಲ್ಲ ಕಡೆ ಹೇಳುವುದು "ಸುಜಾತವ್ವ ಸರಿ ಮಾಡ್ಯಾಳ" ಎಂದು.

ನಾನು ಅವಳಿಗೆ ಒಂದು ಮಾತು ಹೇಳಿದ್ದೇನೆ: ಸಿಂದಗಿಯಲ್ಲಿ ಬಂತೆಂದು ನಂಬಬೇಡ. ನಾಳೆ ನಾವೇ ಮುದ್ದೇಬಿಹಾಳಕ್ಕೆ ಹೋಗಿ ಪೂರಾ ಪಟ್ಟಿ ನೋಡಿ ಬರೋಣ.

ಶುಕ್ರವಾರ, ೪ ಮೇ

ನಿನ್ನೆ ಮುದ್ದೇಬಿಹಾಳದಲ್ಲಿ ಪೂರಾ ಪಟ್ಟಿ ಕನ್ನಡದಲ್ಲಿ ಬಂತು. ಮೊದಲ ಹೆಸರಿನಿಂದ ಕೊನೆಯವರೆಗೆ ನಾನು ಓದಿದೆ. ಅಲ್ಲಿಂದಲೇ ಬಾಗೇವಾಡಿಗೂ ಹೋದೆವು. ಅಲ್ಲಿಯೂ ಬಂತು.

ಇವತ್ತು ರೇವಪ್ಪನವರ ಮುಂದೆ ಹೇಳಬೇಕಾದ್ದನ್ನು ಹೇಳಿದೆ. ೨೪ರ ತಪ್ಪು ಹುಡುಗಿಯದ್ದಲ್ಲ, ಪಟ್ಟಿ ನನ್ನದು, ಅದು ಅಲ್ಲಿ ಓದಲು ಬರುವುದಿಲ್ಲವೆಂಬುದು ನನಗೆ ತಿಳಿದಿತ್ತು ಎಂದೆ.

"ನಿಮ್ಮ ಅತ್ತೀದ ಹಿಂಡೂ ಇತ್ತಲ್ಲ ಸಿದ್ದರಾಯ, ಅಲ್ಲಿ" ಎಂದರು. ನನ್ನ ಬಗ್ಗೆ ಮುಂದಿನ ಸಭೆಯಲ್ಲಿ ಮಾತಾಡುತ್ತಾರಂತೆ. ಸುಜಾತಾಳನ್ನು ತೆಗೆಯುವ ಮಾತು ಎತ್ತಲಿಲ್ಲ.

ಅವರ ಕೋಣೆಯಲ್ಲಿ ಕಂಪ್ಯೂಟರ್ ಮಾರುವವನೊಬ್ಬ ಬಿಜಾಪುರದಿಂದ ಬಂದು ಕೂತಿದ್ದ. ನಮ್ಮದನ್ನು ನೋಡಿ, ಇದು ತಂತ್ರಾಂಶ ಅಲ್ಲರೀ, ಬರೇ ಪುಟ ಎಂದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬ್ರೌಸರಿನ ಎಂಜಿನ್ ಎಂದರೇನು, ಒಂದೇ ಪುಟ ಎರಡು ಕಡೆ ಹೇಗೆ ಓಡುತ್ತದೆ ಎಂಬುದನ್ನು ನಿಲ್ಲಿಸಿಕೊಂಡು ಅವನಿಗೆ ತಿಳಿಸಿ ಹೇಳಿದೆ. ಒಂದು ಪ್ರತಿ ಕೊಡಿ, ನೋಡುತ್ತೇನೆ ಎಂದ. ಕೊಡಲಿಲ್ಲ. ಇಂಥವರ ಕೈಗೆ ನಮ್ಮದನ್ನು ಯಾಕೆ ಕೊಡಬೇಕು?

ಹುಚ್ಚವ್ವತ್ತೆಯ ಹಿಂಡು ಎಲ್ಲಿದೆ ಎಂದು ದಸ್ತಗೀರಸಾಬ ಹುಡುಕಿ ಬಂದಿದ್ದಾನೆ. ಹೊಳೆಯ ಈಚೆ ದಂಡೆಯಲ್ಲೇ ಇದೆ. ಮತ್ತೆ ಮರಿ ಸತ್ತಿಲ್ಲ. ಮತ್ತೊಂದು ಶಿಬಿರ ನಡೆಸುವ ಸುದ್ದಿ ತಿಳಿಸಿದನಂತೆ. ಸಿದ್ದ ಬರ್ತಾನೇನು ಎಂದು ಕೇಳಿದಳಂತೆ. ತಾನು ಬರುತ್ತೇನೆಂದು ಹೇಳಲಿಲ್ಲವಂತೆ.

ಶನಿವಾರ, ೫ ಮೇ

ಸೋಮವಾರ, ೭ರಂದು, ಮುದ್ದೇಬಿಹಾಳದಲ್ಲಿ ಲಸಿಕೆ ಶಿಬಿರ. ವೈದ್ಯರು ಒಪ್ಪಿದ್ದಾರೆ. ಜೀಪು ಬೆಳಗ್ಗೆ ಇಂಡಿಯಿಂದ ಹೊರಟು, ಸಿಂದಗಿಯಲ್ಲಿ ಸುಜಾತಾಳನ್ನು ಹತ್ತಿಸಿಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಅವಳು ಕೂಡುತ್ತಾಳೆ. ಹೆಸರು ಮತ್ತು ಕಿವಿಗುರುತು ಓದಿ ಹಿಂಡು ಕರೆಯುವುದು ನಾನು. ಮೊದಲು ಕರೆಯುವ ಹೆಸರು ತಾಂಬಾದ ಹುಚ್ಚವ್ವನದು.

ನಾನು ಹಿಂದೆ ಕೂಡುತ್ತೇನೆ. ಸಿಂದಗಿಯವರೆಗೆ ಮುಂದಿನ ಸೀಟು ಖಾಲಿ ಇರುತ್ತದೆ.